ಸ್ಯಾನ್ ಸಿಮಿಯನ್ ಬೆಟ್ಟಕ್ಕೆ, ಅಪ್ಪನ ಜೊತೆ

ಅಪ್ಪ ಶಿವಮೊಗ್ಗದಲ್ಲಿ ಪಿಡಬ್ಲ್ಯೂಡಿ ಎಂಜಿನಿಯರ್ ಆಗಿದ್ದವರು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಗೆ ಬಂದಾಗ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನಾನು ಮೊದಲೇ ಗೊತ್ತುಮಾಡಿಕೊಂಡಿದ್ದೆ: ವಾಸ್ತುಶಿಲ್ಪಿ ಜೂಲಿಯಾ ಮಾರ್ಗನ್ ಕಟ್ಟಿದ ಕಟ್ಟಡಗಳಿಗೆ.

ಮೊದಲ ದಿನ ಓಕ್ಲೆಂಡಿನ ಹಳೆಯ ಮಿಲ್ಸ್ ಕಾಲೇಜಿನ ಗಂಟೆಗೋಪುರ. 72 ಅಡಿ ಎತ್ತರ, ಕಬ್ಬಿಣ ಕಟ್ಟಿ ಹಾಕಿದ ಕಾಂಕ್ರೀಟು, 1904ರ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಆರ್ಕಿಟೆಕ್ಟ್ ಲೈಸೆನ್ಸ್ ಪಡೆದ ಮೊದಲ ಹೆಣ್ಣುಮಗಳು ಈಕೆ. ಆ ಲೈಸೆನ್ಸ್ ಸಿಕ್ಕಿದ್ದೂ ಅದೇ ವರ್ಷ. ಎರಡು ವರ್ಷಕ್ಕೆ ಭೂಕಂಪವಾಗಿ ಸ್ಯಾನ್ ಫ್ರಾನ್ಸಿಸ್ಕೋ ನೆಲಕಚ್ಚಿತು, ಬೆಂಕಿ ಬಿತ್ತು. ಗೋಪುರ ಮಾತ್ರ ಅಲುಗಲಿಲ್ಲ. ಬೆಂಕಿಯಲ್ಲಿ ಬೆಂದಿದ್ದ ಫೇರ್‌ಮಾಂಟ್ ಹೋಟೆಲನ್ನು ಸರಿಮಾಡುವ ಕೆಲಸ ಆಮೇಲೆ ಇವರ ಪಾಲಿಗೆ ಬಂತು. ಒಂದೇ ವರ್ಷದಲ್ಲಿ ಹೋಟೆಲ್ ಬಾಗಿಲು ತೆರೆಯಿತು.

ಮರುದಿನ ನಸುಕಿಗೇ ದಕ್ಷಿಣಕ್ಕೆ ಹೊರಟೆವು. ನಾಲ್ಕು ಗಂಟೆಯ ದಾರಿ. ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ. ದಾರಿಯುದ್ದಕ್ಕೂ ನಾನು ಮಾರ್ಗನ್ ಅವರ ಕಥೆ ಹೇಳುತ್ತಾ ಹೋದೆ. 1894ರಲ್ಲಿ ಬರ್ಕ್ಲಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಪ್ಯಾರಿಸ್ಸಿನ ಹೆಸರಾಂತ ಕಲಾಶಾಲೆ ಎಕೋಲ್ ದೆ ಬೋಜಾರ್‌ಗೆ ಸೇರಲು ಹೋದರು. ವಾಸ್ತುಶಿಲ್ಪ ವಿಭಾಗ ಅಲ್ಲಿಯವರೆಗೆ ಹೆಣ್ಣುಮಕ್ಕಳಿಗೆ ಮುಚ್ಚಿದ ಬಾಗಿಲು. ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಆಗಲಿಲ್ಲ. ಮೂರನೇ ಸಲ, 1898ರಲ್ಲಿ, 376 ಜನರಲ್ಲಿ 13ನೆಯವರಾಗಿ ಬಂದರು.

‘ಮೂರು ಸಲ ಕೂತಳಾ?’ ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಅಂದರು.

ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ಗೆ ಸ್ಯಾನ್ ಸಿಮಿಯನ್ ಬೆಟ್ಟದ ಮೇಲೆ ಡೇರೆ ಹಾಕಿ ಹಾಕಿ ಸಾಕಾಗಿತ್ತು. ಒಂದು ಸಣ್ಣ ಮನೆ ಸಾಕೆಂದು ಮಾರ್ಗನ್‌ಗೆ ಹೇಳಿ 1919ರಲ್ಲಿ ಶುರುವಾದದ್ದು 1947ರವರೆಗೂ ನಿಲ್ಲಲಿಲ್ಲ, 165 ಕೋಣೆಗಳಾದವು. ಹೊರಗಿನ ನೆಪ್ಚೂನ್ ಈಜುಕೊಳವನ್ನೇ ಮೂರು ಸಲ ಕಟ್ಟಿಸಿದರು, ಸಲಸಲಕ್ಕೂ ಇನ್ನೂ ದೊಡ್ಡದಾಗಿ. ಮಾರ್ಗನ್‌ಗೆ ವಾರಪೂರ್ತಿ ಸ್ಯಾನ್ ಫ್ರಾನ್ಸಿಸ್ಕೋದ ಆಫೀಸು, ವಾರದ ಕೊನೆಗೆ ರಾತ್ರಿ ರೈಲು ಹತ್ತಿ ಸ್ಯಾನ್ ಲೂಯಿ ಒಬಿಸ್ಪೊ, ಅಲ್ಲಿಂದ ಟ್ಯಾಕ್ಸಿಯಲ್ಲಿ ಬೆಟ್ಟ. ವರ್ಷಾನುಗಟ್ಟಲೆ ಹೀಗೇ. ಎಂಟೂವರೆಗೆ ಹೊರಟು ಎಸಿ ಕಾರಿನಲ್ಲಿ ಆಫೀಸು ಸೇರುವಷ್ಟಕ್ಕೇ ದಣಿಯುವ ನನಗೆ ಆ ರೈಲಿನ ರಾತ್ರಿಗಳನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಕೆಳಗಿನಿಂದ ಬಸ್ಸಿನಲ್ಲಿ ತಿರುವುಗಳನ್ನು ಹತ್ತಿಕೊಂಡು ಹೋದರೆ ಅಲ್ಲಿನ ಮುಖ್ಯ ಮನೆ ಕಾಸಾ ಗ್ರಾಂದೆಯ ಜೋಡಿ ಗೋಪುರ. ಎದುರಿನ ಗೋಡೆಗೆಲ್ಲ ಬಿಳಿ ಸುಣ್ಣಕಲ್ಲು. ಒಳಗೆ ಯುರೋಪಿನಿಂದ ತಂದ ಕೆತ್ತನೆಯ ಮರದ ಛಾವಣಿ, ಪರದೆ, ಪ್ರತಿಮೆ. ನಿಜ ಹೇಳಬೇಕೆಂದರೆ ಎರಡು ಕೋಣೆ ನೋಡುವಷ್ಟರಲ್ಲಿ ನನಗೆ ನೋಡಿ ನೋಡಿ ಕಣ್ಣು ದಣಿಯಿತು. ಅಪ್ಪ ಛಾವಣಿಯ ಕೆತ್ತನೆ ನೋಡಲೇ ಇಲ್ಲ. ಅಷ್ಟು ಭಾರವನ್ನು ಹೊತ್ತಿರುವುದು ಯಾವುದು ಎಂದು ಹುಡುಕುತ್ತಿದ್ದರು.

ಅವರಿಗೆ ಬೇಕಾದದ್ದು ಹಿಂಬದಿಯಲ್ಲಿ ಸಿಕ್ಕಿತು. ಅಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ. ಕಲ್ಲಿನ ಹೊದಿಕೆ ಇಲ್ಲ, ಬೋಳು ಕಾಂಕ್ರೀಟು. ಸೆಂಟ್ರಿಂಗ್ ಹಲಗೆಗಳ ಅಡ್ಡಗೆರೆ ಒಂದರ ಮೇಲೊಂದು ಹಾಗೇ ಉಳಿದಿವೆ. ಮರದ ನಾರಿನ ಗುರುತು ಕೂಡ. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಇಲ್ಲಿ ನೋಡೇ, ಇಲ್ಲಿದಾಳೆ ಅವಳು’ ಅಂದರು.

2014ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಚಿನ್ನದ ಪದಕವನ್ನು ಮೊದಲ ಬಾರಿಗೆ ಒಬ್ಬ ಮಹಿಳೆಗೆ, ಮಾರ್ಗನ್‌ಗೆ, ಕೊಟ್ಟಿತು. ಇವರು ತೀರಿಕೊಂಡದ್ದು 1957ರಲ್ಲಿ. 700ಕ್ಕೂ ಹೆಚ್ಚು ಕಟ್ಟಡ ಕಟ್ಟಿದ ಜೀವಕ್ಕೆ 57 ವರ್ಷ ಕಳೆದ ಮೇಲೆ! ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಪ್ಪ ಗೈಡನ್ನು ಕೇಳಿದ್ದು ಒಂದೇ ಪ್ರಶ್ನೆ, ನನ್ನ ಬಾಯಿಂದ: ಇಷ್ಟು ಎತ್ತರದಲ್ಲಿ ಇಷ್ಟು ಕಾಂಕ್ರೀಟಿಗೆ ನೀರು ಎಲ್ಲಿಂದ ಬಂತು? ಹಿಂದಿನ ಇನ್ನೂ ಎತ್ತರದ ಬೆಟ್ಟದ ಬುಗ್ಗೆಗಳಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುತ್ತದೆ ಎಂದರು ಆಕೆ. ಇಳಿಯುವ ಬಸ್ಸು ಬರುವವರೆಗೂ ಅಪ್ಪ ಸಮುದ್ರಕ್ಕೆ ಬೆನ್ನು ಹಾಕಿ ಆ ಬೆಟ್ಟವನ್ನೇ ನೋಡುತ್ತಾ ನಿಂತಿದ್ದರು.