ಕಾರಿನ ಹಾಡಿಗೆ ಮನೆ ಕರೆಂಟ್

ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಹನ್ನೊಂದು ಗಂಟೆಗೇ ಕಾರಿನ ಬಾನೆಟ್ ಮುಟ್ಟೋಕೆ ಆಗಲ್ಲ. ಅಂಥ ಒಂದು ಭಾನುವಾರ ಊರಲ್ಲಿ ಕಾರು ಪ್ರದರ್ಶನ ಇತ್ತು. ನನ್ನ ಹಳೇ ಸ್ವಿಫ್ಟ್‌ನ ಡಿಕ್ಕಿಯಲ್ಲಿ 1000 ವ್ಯಾಟ್ ಆಂಪ್ಲಿಫೈಯರ್, 12 ಇಂಚಿನ ಸಬ್‌ವೂಫರ್ ಇವೆ. ಎರಡು ವರ್ಷ ದುಡ್ಡು ಕೂಡಿಟ್ಟು ಒಂದೊಂದಾಗಿ ಹಾಕಿಸಿದ್ದು. ಬೆಳಗ್ಗೆಯಿಂದ ಸಂಜೆವರೆಗೆ ಹಾಡು ನಿಲ್ಲಬಾರದು, ಅಷ್ಟೇ ಆಸೆ.

ಆದರೆ ಶಾಮಿಯಾನದೊಳಗೆ ಎಂಜಿನ್ ಚಾಲೂ ಇಡೋ ಹಾಗಿಲ್ಲ. ಮಕ್ಕಳು ಓಡಾಡೋ ಜಾಗ, ಹೊಗೆ ತುಂಬುತ್ತದೆ, ಆ ನಿಯಮ ಸರಿಯೇ. ಎಂಜಿನ್ ಇಲ್ಲದಿದ್ದರೆ ಬ್ಯಾಟರಿ ತುಂಬೋ ಆಲ್ಟರ್ನೇಟರೂ ಇಲ್ಲ. ಹಿಂದಿನ ವರ್ಷ ಬರೀ ಬ್ಯಾಟರಿ ನಂಬಿ ಊಟದ ಹೊತ್ತಿಗೇ ಹಾಡು ನಿಂತಿತ್ತು. ಸಂಜೆ ಗಾಡಿ ತಳ್ಳಿ ಸ್ಟಾರ್ಟ್ ಮಾಡಿದ್ದೆವು.

ಈ ಸಲ 10 ಆಂಪ್‌ನ ಬ್ಯಾಟರಿ ಚಾರ್ಜರ್ ತಂದು, ಹಿಂದಿನ ದಿನವೇ ನಮ್ಮ ಓಣಿಯ ಉಸ್ತಾದರಿಗೆ ತೋರಿಸಿದೆ. ರಿಪೇರಿ ಅಂದ್ರೆ ಓಣಿಯಲ್ಲಿ ಎಲ್ಲರೂ ಹೋಗೋದು ಅವರ ಹತ್ತಿರವೇ. ಅವರು ತಲೆ ಅಲ್ಲಾಡಿಸಿದರು.

“ತಮ್ಮಾ, ನಿನ್ನ ಆಂಪ್ಲಿಫೈಯರ್ ಜೋರಾಗಿ ಬಾರಿಸಿದ್ರ 100 ಆಂಪ್ ಎಳೀತದ. ಇದು ಹತ್ತೇ ಕೊಡ್ತದ. ಎಲ್ಲಿ ಸಾಲ್ತದ?”

“ಮತ್ತ 100 ಆಂಪಿಂದೇ ತರಬೇಕೇನ್ರಿ ಉಸ್ತಾದ್?”

“ಬ್ಯಾಡ. ಮನ್ಯಾಗ ನಳ ಸಣ್ಣಗ ಬಂದ್ರೂ ಟಾಕಿ ತುಂಬಿರ್ತದ, ಬಕೀಟ್ ತುಂಬಲ್ಲೇನು? ಬ್ಯಾಟರಿನೇ ಟಾಕಿ. ಅದನ್ನ ತೆಗೀಬ್ಯಾಡ.”

ಅದೇ ನನಗೆ ಗೊತ್ತಿಲ್ಲದ ಮಾತು. ಆ 100 ಆಂಪ್ ಬೇಕಾಗೋದು ಡ್ರಮ್ ಬಿದ್ದ ಆ ಕ್ಷಣಕ್ಕೆ ಮಾತ್ರ. ಅದನ್ನು ಬ್ಯಾಟರಿ ಕೊಡುತ್ತದೆ. ಉಳಿದ ಹೊತ್ತಿನಲ್ಲಿ ಖರ್ಚಾದದ್ದನ್ನು ಕರೆಂಟ್ ತುಂಬುತ್ತಾ ಇದ್ದರೆ ಸಾಕು. ಎಲ್‌ಇಡಿ ಬೋರ್ಡ್‌ಗಳಿಗೆ ಹಾಕೋ 12 ವೋಲ್ಟ್, 50 ಆಂಪ್‌ನ ಎಸ್‌ಎಂಪಿಎಸ್ ಒಂದನ್ನು, ಅಂದ್ರೆ ಮನೆ ಕರೆಂಟನ್ನು 12 ವೋಲ್ಟ್‌ಗೆ ಇಳಿಸೋ ಪೆಟ್ಟಿಗೆಯನ್ನು, ಉಸ್ತಾದ್ ಕೊಟ್ಟರು. ಅದರ ಮೂಲೆಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಸ್ಕ್ರೂ ಇದೆ. ಬ್ಯಾಟರಿಗೆ ಜೋಡಿಸೋ ಮೊದಲೇ, ಮಲ್ಟಿಮೀಟರ್ ನೋಡ್ತಾ ನೋಡ್ತಾ ಅದನ್ನು ಕೂದಲೆಳೆಯಷ್ಟು ತಿರುಗಿಸಿದರು. 12.0, 12.8, 13.4, ಕೊನೆಗೆ 13.6ಕ್ಕೆ ನಿಲ್ಲಿಸಿದರು. ಬರೀ 12 ವೋಲ್ಟ್ ಇದ್ದರೆ ಬ್ಯಾಟರಿ ತುಂಬೋದೇ ಇಲ್ಲ. ಖಾಲಿ ಬ್ಯಾಟರಿಗೆ ಹಚ್ಚಿದರೆ ಎಸ್‌ಎಂಪಿಎಸ್ ತಾಳಲ್ಲ ಅಂತ ರಾತ್ರಿಯೇ ಚಾರ್ಜರ್‌ನಿಂದ ಪೂರ್ತಿ ತುಂಬಿಸಿದೆ. ತಂದ ಚಾರ್ಜರ್ ಅದಕ್ಕಾದರೂ ಬಂತು.

ಇನ್ನೊಂದು ವಿಷಯಕ್ಕೆ ಅವರು ಬಹಳ ಗಟ್ಟಿಯಾಗಿ ನಿಂತರು. ಮೂರು ಪಿನ್, ಅರ್ಥಿಂಗ್ ಇರೋ ವೈರ್, ಕರೆಂಟ್ ಸೋರಿದರೆ ತಕ್ಷಣ ಕಡಿಯೋ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಜೋಡಿಸಬೇಡ ಅಂದರು. ಕಾರಿನ ಬಾಡಿಯೇ ಬ್ಯಾಟರಿಯ ಮೈನಸ್. ಒಳಗೆ 230 ವೋಲ್ಟ್ ಬಾಡಿಗೆ ಸೋಕಿದರೆ ಬಾಗಿಲು ಮುಟ್ಟಿದ ಮಗುವಿಗೂ ಶಾಕ್ ಹೊಡೆಯುತ್ತದೆ. ಎಸ್‌ಎಂಪಿಎಸ್‌ನ ಟರ್ಮಿನಲ್‌ಗಳು ಬೇರೆ ಬಯಲಲ್ಲೇ ಇರುತ್ತವೆ. ಅದಕ್ಕೇ ಗಾಳಿ ಆಡೋ ಹಾಗೆ ಜಾಲರಿ ಪೆಟ್ಟಿಗೆಯಲ್ಲಿಟ್ಟು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿದೆವು. ಇಷ್ಟೆಲ್ಲಾ ಮಾಡಿ ಪೂರ್ತಿ 600 ವ್ಯಾಟ್ ಕೊಟ್ಟರೂ ಗೋಡೆಯಿಂದ ಎಳೆಯೋದು ಮೂರು ಆಂಪ್ ಆಸುಪಾಸು, ಇಸ್ತ್ರಿ ಪೆಟ್ಟಿಗೆಗಿಂತ ಕಡಿಮೆ.

ಮರುದಿನ ಬೆಳಗ್ಗೆ ಸ್ಪೀಕರ್‌ನಿಂದ ‘ಗುಂಯ್’ ಅನ್ನೋ ಸದ್ದು ಶುರುವಾಯಿತು. ವೈರೆಲ್ಲಾ ಬಿಚ್ಚಿ ನೋಡಿದೆ. ಕಾರಣ ಹಾಡು ಹಾಕಿದ್ದ ಲ್ಯಾಪ್‌ಟಾಪ್. ಅದರ ಮೂರು ಪಿನ್ ಅಡಾಪ್ಟರೂ ಎಸ್‌ಎಂಪಿಎಸ್ ಇದ್ದ ಎಕ್ಸ್‌ಟೆನ್ಷನ್‌ನಲ್ಲೇ ಇತ್ತು, ಎರಡು ದಾರಿಯಿಂದ ಅರ್ಥಿಂಗ್ ಕೂಡಿ ಸದ್ದು ಬರ್ತಿತ್ತು. ಅಡಾಪ್ಟರ್ ಕಿತ್ತ ತಕ್ಷಣ ಸದ್ದು ಮಾಯ.

ಮೂರು ಗಂಟೆಗೆ ಕರೆಂಟ್ ಹೋಯಿತು. ಶಾಮಿಯಾನದ ಕೂಲರ್‌ಗಳು ನಿಂತವು. ನಮ್ಮ ಹಾಡು ಮಾತ್ರ ನಿಲ್ಲಲಿಲ್ಲ. ಅಷ್ಟು ಹೊತ್ತು ಕೂಲರ್ ಗದ್ದಲದಲ್ಲಿ ಕೇಳದೇ ಇದ್ದ ಹಾರ್ಮೋನಿಯಂ ಈಗ ಬಿಡಿಸಿಟ್ಟ ಹಾಗೆ ಕೇಳಿಸಿತು. ಜನ ಬೆವರು ಒರೆಸಿಕೊಳ್ತಾ ಇತ್ತ ಬಂದರು. ಆವಾಜ್ ಸ್ವಲ್ಪ ಇಳಿಸಿ ಮೀಟರ್ ನೋಡ್ತಾ ಕೂತೆ. 12.5, 12.4. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು, ಅಂಕಿ ಮೆಲ್ಲಗೆ ಮೇಲೇರಿತು.

ಊಟ ಮುಗಿಸಿ ಬಂದ ಉಸ್ತಾದ್ ಜಾಲರಿ ಪೆಟ್ಟಿಗೆ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು.

“ಆರಾಮ ಅದ. ಇನ್ನ ಆವಾಜ್ ಏರಿಸು ತಮ್ಮಾ.”