ಅವ್ವ ತಿಕ್ಕಿದ ಬಿದ್ರಿ ತಾಟು

ನಮ್ಮನ್ಯಾಗ ಒಂದು ಬಿದ್ರಿ ತಾಟು ಅದ, ಕಪ್ಪು ಲೋಹದಾಗ ಬೆಳ್ಳಿ ಹೂ ಕುಂದ್ರಿಸಿದ್ದು, ಅಪ್ಪ ರಿಟೈರ್ ಆದಾಗ ಆಫೀಸ್‌ನವ್ರು ಕೊಟ್ಟಿದ್ದು. ದೀಪಾವಳಿ ಮುಂದ ಅವ್ವ ಹಿತ್ತಾಳಿ ಸಾಮಾನಿನ ಜೋಡಿ ಅದಕ್ಕೂ ಹುಣಸಿಹಣ್ಣು ಹಚ್ಚಿ ತಿಕ್ಕಿಬಿಟ್ಲು, ಕಪ್ಪೆಲ್ಲಾ ಹೋಗಿ ಬೂದಿ ಬಣ್ಣ ಬಂತು, ಬೆಳ್ಳಿ ಹೂ ಎಲ್ಲದಾವ ಅಂತ ಹುಡುಕ್ಬೇಕು. ಮತ್ತ ಕಪ್ಪು ಮಾಡಿಸ್ಬೇಕಂತ ಟವೆಲ್‌ನಾಗ ಸುತ್ಕೊಂಡು ಶನಿವಾರ ಕಲಬುರಗಿಯಿಂದ ಹುಮನಾಬಾದ್ ಮ್ಯಾಲೆ ಬೀದರ್ ಬಸ್ ಹತ್ತಿದೆ.

ಬೀದರಿನ ಚೌಬಾರಾ ಗೋಪುರದ ಹತ್ರ ಗಲ್ಲಿಯೊಳಗ ಬಿದ್ರಿ ಮಾಡೋ ಒಂದು ಸಣ್ಣ ಕಾರ್ಖಾನಿ. ಅಲ್ಲಿ ಕೆಲಸ ಮಾಡೋ ಚಾಚಾ ತಾಟು ನೋಡಿ ನಕ್ಕರು, ‘ಅಮ್ಮಿ ತಿಕ್ಕ್ಯಾರಲ್ಲ?’ ಅಂದ್ರು. ದಿನಾ ಇಂಥವು ಬರ್ತಾವಂತ.

ಬಿದ್ರಿ ಅಂದ್ರ ಬಹುತೇಕ ಸತು, ಜೊತಿಗೆ ಚೂರು ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತ ಹಚ್ಚಿ ತಾತ್ಪೂರ್ತಿಕ ಕಪ್ಪು ಮಾಡ್ಕೋತಾರ, ಕೆತ್ತಿದ ಗೆರಿ ಕಣ್ಣಿಗೆ ಕಾಣ್ಲಿ ಅಂತ. ಆಮ್ಯಾಲ ಆ ಗೆರಿಯೊಳಗ ಬೆಳ್ಳಿ ತಂತಿ ಕುಂದ್ರಿಸಿ ಬಡೀತಾರ. ಕಡೀಕ ಬೀದರ್ ಕಿಲ್ಲೇದ ಮಣ್ಣು, ನವಸಾಗರ, ನೀರು ಕಲಸಿ ಕಾಯಿಸಿ ತಿಕ್ಕಿದ್ರ ಸತು ಮಾತ್ರ ಕಪ್ಪಾಗ್ತದ, ಬೆಳ್ಳಿಗೆ ಏನೂ ಆಗೋದಿಲ್ಲ. ಮಳಿ ಬಿಸಿಲು ಬೀಳದ ಜಾಗದ ಮಣ್ಣೇ ಬೇಕಂತ, ಚಾಚಾ ಚಿಟಿಕಿ ತಗೊಂಡು ನಾಲಿಗಿ ಮ್ಯಾಲ ಇಟ್ಟು ನೋಡಿದ್ರು, ಅವ್ವ ಸಾರಿನ ಉಪ್ಪು ನೋಡ್ತಾಳಲ್ಲ ಹಂಗ. ನಂಗೂ ಕೊಟ್ರು, ನಂಗ ಬರೀ ಮಣ್ಣೇ ಅನಿಸ್ತು.

ಚಹಾ ಬರೋತನಕ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂದಾಗಿನ ಬಿದ್ರಿ ಹುಕ್ಕಾದ ಫೋಟೋ ಮೊಬೈಲ್‌ನಾಗ ತೋರಿಸ್ದೆ. ನಾ ನೋಡಿದ್ರ ಬಳ್ಳಿ, ಹೂ, ಅಷ್ಟೇ. ಚಾಚಾ ಬೆರಳಿಂದ ದೊಡ್ಡದು ಮಾಡಿ ಮಾಡಿ ನೋಡಿ, ಇದು ತಾರಕಶಿ, ತಂತಿ ಕೆಲಸ, ಇದು ತೆಹನಿಶಾನ್, ಬೆಳ್ಳಿ ತಗಡು ಕತ್ತರಿಸಿ ಕುಂದ್ರಿಸಿದ್ದು, ಅಂತ ಓದ್ಲಕತ್ತರು. ಮಾಡಿದವನ ಹೆಸರು ಹಾಕ್ಯಾರೇನು ಅಂತ ಕೇಳಿದ್ರು. ಇಲ್ಲ ಚಾಚಾ, ಊರು, ಕಾಲ ಅಷ್ಟೇ ಅದ ಅಂದೆ. ನಂಗ ಬ್ಯಾಸರಾತು, ಅವರಿಗೇನೂ ಆಗ್ಲಿಲ್ಲ. ‘ಯಾರರ ಸೇದ್ತಾರೇನು ಇದರಾಗ?’ ಅಂದ್ರು. ಗಾಜಿನ ಪೆಟಿಗಿಯೊಳಗ ಇಟ್ಟಾರ ಅಂದ್ರ ‘ಮತ್ಯಾಕ ಬೇಕ್ರಿ’ ಅಂತ ಮೊಬೈಲ್ ವಾಪಸ್ ಕೊಟ್ರು.

ಖರೆ ಹೇಳ್ಬೇಕಂದ್ರ ಆ ಹುಕ್ಕಾ ಒಂದೇ ಊರಿಂದೂ ಅಲ್ಲ. ತಂಬಾಕು ಅಮೆರಿಕದ್ದು, ತಂದವರು ಪೋರ್ಚುಗೀಸರು, ಅಕ್ಬರನ ದರ್ಬಾರಿಗೆ ಅದನ್ನ ಒಯ್ದವ ಅವನ ದೂತ ಅಸದ್ ಬೇಗ್, ಅದೂ ನಮ್ಮ ಬಿಜಾಪುರದಿಂದ. ಕಸುಬು ಬಹಮನಿ ಕಾಲಕ್ಕ ಇರಾನಿನಿಂದ ಬಂತಂತ ಚಾಚಾನವರೇ ಹೇಳ್ತಾರ. ಬೀದರಿಂದು ಅಂದ್ರ ಹೆಸರು, ಮತ್ತ ಈ ಮಣ್ಣು, ಅಷ್ಟೇ.

ಸಂಜಿಗೆ ತಾಟು ಕರ್ರಗ ಮಿಂಚ್ಲಕತ್ತಿತ್ತು. ನೀರು, ಹುಳಿ ತಾಗಿಸ್ಬ್ಯಾಡ್ರಿ, ಎಣ್ಣಿ ಒರಸ್ರಿ ಸಾಕು ಅಂದ್ರು.

ಮನಿಗೆ ಬಂದು ಟವೆಲ್ ಬಿಚ್ಚಿದೆ. ಅವ್ವ ನೋಡಿದವಳೇ ತಲಿ ಮ್ಯಾಲ ಕೈ ಇಟ್ಟಳು, ‘ಮೂರು ತಾಸು ತಿಕ್ಕಿದ್ನೆಲ್ಲೋ, ಮತ್ತ ಕರ್ರಗ ಮಾಡಿಸ್ಕೊಂಡು ಬಂದೆಲ್ಲ!’