ವೈರಲ್ ಲೋಡ್ ವರದಿಯ ಅಂಕಿಯನ್ನು ಓದುವುದು ಹೇಗೆ?

ವೈರಲ್ ಲೋಡ್ ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿರುವ ವೈರಸ್‌ಗಳ ಎಣಿಕೆ. ಎಚ್‌ಐವಿ ಇರುವವರ ವರದಿಯಲ್ಲಿ ಇದು ಹೋದ ಸಲ 40,000, ಈ ಸಲ 60,000 ಅಂತ ಬಂದರೆ ಮನೆಮಂದಿಗೆಲ್ಲ ಗಾಬರಿ. ಇಷ್ಟು ವ್ಯತ್ಯಾಸ ಪರೀಕ್ಷೆಯಲ್ಲೇ ಬರುತ್ತದೆ. ಸುಮಾರು ಮೂರು ಪಟ್ಟು, ಅಂದರೆ ವರದಿಯ ಲಾಗ್ (ಹತ್ತರ ಘಾತ) ಲೆಕ್ಕದಲ್ಲಿ 0.5 ಏರಿದರೆ ಅಥವಾ ಇಳಿದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಅನ್ನಬೇಕು.

ಸೋಂಕು ತಗುಲಿದ ಮೊದಲ ವಾರಗಳಲ್ಲಿ ಈ ಅಂಕಿ ಲಕ್ಷಗಳನ್ನು ದಾಟಿ, ಆಮೇಲೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ರೋಗದ ವೇಗ ಗೊತ್ತಾಗುವುದು ಆ ಮಟ್ಟದಿಂದಲೇ. ಅಮೆರಿಕದ ಗಂಡಸರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 30,000 ಮೀರಿದ್ದವರಲ್ಲಿ ಶೇ. 80ರಷ್ಟು ಮಂದಿಗೆ ಆರು ವರ್ಷದೊಳಗೆ ಏಡ್ಸ್ ಬಂತು. 500ರ ಒಳಗಿದ್ದವರಲ್ಲಿ ಶೇ. 5.4 ಮಾತ್ರ. ಈಗ ಅಷ್ಟು ಕಾಯುವ ಮಾತೇ ಇಲ್ಲ, ಅಂಕಿ ಎಷ್ಟೇ ಇರಲಿ ಔಷಧ ಕೂಡಲೇ ಶುರು.

ನಮ್ಮ ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಗಳಲ್ಲಿ ಕೊಡುವ ಟಿಎಲ್‌ಡಿ ಗುಳಿಗೆ ದಿನಕ್ಕೆ ಒಂದು; ಅದರಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳಿವೆ. ಆರು ತಿಂಗಳಾದ ಮೇಲೂ ಅಂಕಿ 1,000 ದಾಟಿದ್ದರೆ ಮೊದಲು ಕೇಳಬೇಕಾದ್ದು: ಗುಳಿಗೆ ತಪ್ಪಿತೇ? ಎರಡನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ: ಜೊತೆಗೆ ಆಂಟಾಸಿಡ್, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ನಡೆಯುತ್ತಿದೆಯೇ? ಇವು ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಟಿಎಲ್‌ಡಿ ನುಂಗಿ ಎರಡು ಗಂಟೆ ಬಿಟ್ಟು ಅವನ್ನು ತೆಗೆದುಕೊಳ್ಳಿ. ಅವನ್ನೇ ಮೊದಲು ನುಂಗಿದ್ದರೆ ಟಿಎಲ್‌ಡಿಗೆ ಆರು ಗಂಟೆ ಕಾಯಿರಿ.